ಕಡಲಿಲ್ಲದ ನಾಡಿಗೆ ಕಡಲಿನ ನೆರೆ

ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಅಲೆಗಳು ಉಳ್ಳಾಲದ ದಡವನ್ನು ಕೊರೆಯುವ ಚಿತ್ರಗಳನ್ನು ನೀವು ನೋಡಿರಬಹುದು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೆ ಕಡಲು ಬಹು ದೂರ. ಆದರೂ ಕಡಲಿನ ಬಿರುಗಾಳಿ ಇಲ್ಲಿನ ದಡಗಳನ್ನೂ ಕೊರೆಯಬಲ್ಲದು. ಹೇಗೆ?

ಗಾಳಿ ತಗ್ಗಿದರೂ ಮಳೆ ತಗ್ಗದು

ಬೆಚ್ಚಗಿನ ಸಮುದ್ರದಿಂದ ಮೇಲೇರಿದ ನೀರಾವಿ ತಣಿದು ಹನಿಗಟ್ಟುವಾಗ ಗುಪ್ತೋಷ್ಣ ಬಿಡುಗಡೆಯಾಗುತ್ತದೆ. ಬಿರುಗಾಳಿಗೆ ಇದೇ ಇಂಧನ. ನೆಲ ಮುಟ್ಟಿದೊಡನೆ ಇಂಧನದ ಪೂರೈಕೆ ಕಡಿದು ಗಾಳಿಯ ವೇಗ ತಗ್ಗುತ್ತದೆ. ಆದರೆ ಅದು ಹೊತ್ತು ತಂದ ತೇವ ಒಳನಾಡಿನಲ್ಲಿ ಮಳೆಯಾಗಿ ಸುರಿಯುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಆದದ್ದು ಇದೇ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದಲ್ಲಿ ಭಾರಿ ಮಳೆಯಾಯಿತು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಕ್ಟೋಬರ್ 2ರಂದು ತುಂಗಭದ್ರೆಯ ನೀರು ಮಂತ್ರಾಲಯಕ್ಕೆ ನುಗ್ಗಿತು.

ಎರೆಮಣ್ಣಿನ ಗುಣ

ಒಂದು ಲೆಕ್ಕ ಮಾಡೋಣ. 1 ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. 1 ಚದರ ಕಿ.ಮೀ. ಮೇಲೆ 100 ಮಿ.ಮೀ. ಮಳೆಯಾದರೆ 10 ಕೋಟಿ ಲೀಟರ್! ಒಣಗಿ ಬಿರುಕು ಬಿಟ್ಟ ಎರೆಮಣ್ಣು ಮೊದಲ ಮಳೆಯನ್ನು ಕುಡಿಯುತ್ತದೆ. ನೆನೆದಂತೆ ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಮುಂದಿನ ಮಳೆ ಇಂಗಲಾರದೆ ಮಸ್ಕಿ ಹಳ್ಳದಂಥ ಹಳ್ಳಗಳಿಗೆ ಹರಿದು, ತುಂಗಭದ್ರೆಯನ್ನು ಸೇರುತ್ತದೆ.

ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ತೀರದಲ್ಲಿ ಕಥೆ ಬೇರೆ. ಅಲ್ಲಿ ಬಿಸಿಲಿದ್ದಾಗಲೂ ನೆರೆ ಬರಬಹುದು. ಮಹಾರಾಷ್ಟ್ರದ ಪಶ್ಚಿಮ ಘಟ್ಟಗಳಲ್ಲಿ ಸುರಿದ ಮಳೆ ನಾರಾಯಣಪುರ ಜಲಾಶಯದ ಮೂಲಕ ಹರಿದುಬಂದು ಕರಕಲಗಡ್ಡಿಯಂಥ ನಡುಗಡ್ಡೆಗಳ ದಾರಿಯನ್ನು ಕಡಿಯುತ್ತದೆ.

ದಡ ಕುಸಿಯುವ ಬಗೆ

ಅಲೆ ಕಡಲ ದಡಕ್ಕೆ ಮತ್ತೆ ಮತ್ತೆ ಬಡಿದು ಬುಡ ಸಡಿಲಿಸುತ್ತದೆ. ನದಿ ಒಂದೇ ಸಮನೆ ಉಜ್ಜುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದರ ತಳ್ಳುಬಲ ಸುಮಾರು ನಾಲ್ಕರಷ್ಟಾಗುತ್ತದೆ. ತಿರುವಿನ ಹೊರದಡದಲ್ಲಿ ವೇಗ ಹೆಚ್ಚು, ಆದ್ದರಿಂದ ಕೊರೆತ. ಒಳದಡದಲ್ಲಿ ವೇಗ ಕಡಿಮೆ, ಆದ್ದರಿಂದ ಮರಳಿನ ಶೇಖರಣೆ.

ನೆರೆ ಇಳಿದರೆ ಅಪಾಯ ಮುಗಿಯಿತೇ? ಇಲ್ಲ. ತುಂಬಿದ ನದಿಯ ನೀರು ದಡವನ್ನು ಒತ್ತಿ ಹಿಡಿದಿರುತ್ತದೆ. ನೀರು ಬೇಗ ಇಳಿದಾಗ ಆ ಆಸರೆ ತಪ್ಪುತ್ತದೆ. ಒಳಗೆ ನೀರು ತುಂಬಿ ಭಾರವಾದ, ಬುಡ ಕೊರೆದುಹೋದ ದಡ ಆಗ ಒಮ್ಮೆಗೇ ಜಾರಬಹುದು.

ಮಾಡಿ ನೋಡಿ

ತಟ್ಟೆಯಲ್ಲಿ ಒದ್ದೆ ಮರಳು ಹರಡಿ, ಬಾಗಿದ ಕಾಲುವೆ ತೋಡಿ. ತಟ್ಟೆಯನ್ನು ತುಸು ಓರೆಯಾಗಿಡಿ. ಮೊದಲು ನಿಧಾನವಾಗಿ, ಬಳಿಕ ರಭಸವಾಗಿ ನೀರು ಹರಿಸಿ. ಯಾವ ದಡ ಮೊದಲು ಕುಸಿಯಿತು? ಮರಳು ಎಲ್ಲಿ ಕೂಡಿತು?

ಉತ್ತರ ಕಂಡುಕೊಂಡ ವಿದ್ಯಾರ್ಥಿ ಮನೆಯಲ್ಲಿ ಎರಡು ಮಾತು ಹೇಳಲಿ: ಹಳ್ಳ ಸೇತುವೆಯ ಮೇಲೆ ಹರಿಯುವಾಗ ದಾಟಬಾರದು, ನೆರೆ ಇಳಿದ ಮರುದಿನ ದಡದಂಚಿನಲ್ಲಿ ನಿಲ್ಲಬಾರದು.