ರೇಡಿಯೋ ಅಲೆಯೊಳಗೆ ಅಡಗಿದ್ದ ಪತ್ರಿಕೆ

ಎಫ್‌ಎಂ ಹಾಕಿದರೆ ನಮಗೆ ಕೇಳುವುದು ಹಾಡು, ಹರಟೆ, ಜಾಹೀರಾತು. ಅದೇ ಅಲೆಯೊಳಗೆ, ಹೋಳಿಗೆಯಲ್ಲಿ ಹೂರಣವಿದ್ದ ಹಾಗೆ, ಇನ್ನೊಂದು ಇಡೀ ಕೇಂದ್ರ ಅಡಗಿರಬಹುದು, ಅಲ್ಲಿ ಯಾರೋ ಬೆಳಗಿನ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿರಬಹುದು ಎಂದರೆ ನಂಬುತ್ತೀರಾ? 1969ರ ಜನವರಿ 2ರಂದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಇದು ನಡೆದೇ ಹೋಯಿತು! ಹೆಸರು ‘ರೇಡಿಯೋ ಟಾಕಿಂಗ್ ಬುಕ್’. ಅಂಧರಿಗೆಂದೇ ಶುರುವಾದ ಮೊದಲ ರೇಡಿಯೋ ಓದು ಸೇವೆ ಅದು.

ಇದರ ಬೇರು ಹುಡುಕುತ್ತಾ ಹೋದರೆ ಬೆರಗಿನ ಮೇಲೆ ಬೆರಗು. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ. ಅದರಿಂದ ಏನೇನು ಮಾಡಬಹುದೆಂದು ಮರುವರ್ಷ ಪಟ್ಟಿ ಬರೆದ. ಮೊದಲನೆಯದು ಪತ್ರ ಬರೆಸುವುದು. ಎರಡನೆಯದು ಏನು ಗೊತ್ತೇ? ಅಂಧರಿಗೆ ತಾವಾಗಿಯೇ ಓದಿ ಹೇಳುವ ಪುಸ್ತಕಗಳು! ಸಂಗೀತದ ಸರದಿ ಬರುವುದು ಆಮೇಲೆ.

ಆದರೆ ಆ ಕನಸು ಕೈಗೂಡಲು ಅರ್ಧ ಶತಮಾನ ಬೇಕಾಯಿತು. ಅಂದಿನ ಗ್ರಾಮಫೋನ್ ತಟ್ಟೆ ನಾಲ್ಕೈದು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಅದರಲ್ಲಿ ಕಾದಂಬರಿ ಕೇಳುವುದು ಎಲ್ಲಿಂದ ಬಂತು? ಅಮೆರಿಕದಲ್ಲಿ ಅಂಧರಿಗಾಗಿಯೇ ನಿಧಾನ ತಿರುಗುವ, ಹೆಚ್ಚು ಹೊತ್ತು ನುಡಿಯುವ ತಟ್ಟೆ 1934ರ ಹೊತ್ತಿಗೆ ಸಿದ್ಧವಾಯಿತು. ಉಳಿದವರಿಗೆ ಅಂಥ ಎಲ್‌ಪಿ ತಟ್ಟೆ ಅಂಗಡಿಯಲ್ಲಿ ಸಿಕ್ಕಿದ್ದು 1948ರಲ್ಲಿ. ಸಂಗೀತಪ್ರಿಯರ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ಆ ತಂತ್ರ ಅಂಧರ ಮನೆಯಲ್ಲಿತ್ತು! ಬ್ರಿಟನ್ನಿನಲ್ಲಿ ಈ ಕೆಲಸದ ಬೆನ್ನು ಹತ್ತಿದವರು ಇಯಾನ್ ಫ್ರೇಸರ್. 1916ರ ಸೋಮ್ ಯುದ್ಧದಲ್ಲಿ, ಇನ್ನೂ ಹದಿಹರೆಯದಲ್ಲೇ, ಕಣ್ಣು ಕಳೆದುಕೊಂಡವರು. ಅಲ್ಲಿ 1935ರ ನವೆಂಬರ್‌ನಲ್ಲಿ ಹೊರಟ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೂ ಒಂದು.

ಪುಸ್ತಕವೇನೋ ಸಿಕ್ಕಿತು. ಪತ್ರಿಕೆ? ಅದನ್ನು ತಟ್ಟೆಗೆ ಅಚ್ಚು ಹಾಕಿ, ಅಂಚೆಯಲ್ಲಿ ಕಳಿಸಿ, ಕೈಗೆ ಮುಟ್ಟುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಬ್ರೈಲ್‌ನಲ್ಲೂ ಅದೇ ಪಾಡು. ನಿನ್ನೆಯ ಜಗತ್ತು ಅಂಧರಿಗೆ ಸಿಗುತ್ತಿತ್ತು, ಇವತ್ತಿನದು ಸಿಗುತ್ತಿರಲಿಲ್ಲ. ಮಿನೆಸೋಟದ ಸ್ಟ್ಯಾನ್ಲಿ ಪಾಟರ್ ಮತ್ತು ರಾಬರ್ಟ್ ವಾಟ್ಸನ್ ಕೈಹಾಕಿದ್ದು ಸರಿಯಾಗಿ ಈ ಕೊರತೆಗೆ.

ಅವರ ಉಪಾಯ ನೋಡಿ! ಎಫ್‌ಎಂ ಕೇಂದ್ರವೊಂದಕ್ಕೆ ಸಿಗುವ ಜಾಗ ದೊಡ್ಡದು. ನಮ್ಮ ಕಿವಿಗೆ ಬೀಳುವ ಮಾತು, ಹಾಡಿಗೆ 15 ಕಿಲೋಹರ್ಟ್ಸ್ ಸಾಕು. ಸ್ಟೀರಿಯೋ ಸೇರಿಸಿದರೂ 53ಕ್ಕೆ ಮುಗಿಯುತ್ತದೆ. ಅದರಾಚೆ, 67 ಕಿಲೋಹರ್ಟ್ಸ್ ಬಳಿ, ಇನ್ನೊಂದು ಸಣ್ಣ ವಾಹಕ ಅಲೆಯನ್ನು ಕೂರಿಸಬಹುದು. ಮಾಮೂಲಿ ರೇಡಿಯೋಗೆ ಅದರ ಸುಳಿವೇ ಹತ್ತುವುದಿಲ್ಲ. ಅಂಗಡಿ, ಕಚೇರಿಗಳಿಗೆ ಹಿನ್ನೆಲೆ ಸಂಗೀತ ಕಳಿಸಲು ಬಳಕೆಯಲ್ಲಿದ್ದ ಈ ಸಂದಿಯೊಳಗೆ ಓದುವ ದನಿಯನ್ನು ಕೂರಿಸಿದರು. ಅದನ್ನಷ್ಟೇ ಹಿಡಿಯುವ ವಿಶೇಷ ರೇಡಿಯೋಗಳನ್ನು ಅಂಧರ ಮನೆಗಳಿಗೆ ಕೊಟ್ಟರು. ಕಾಲೇಜ್‌ವಿಲ್ ಎಂಬ ಊರಿನ ಎಫ್‌ಎಂ ಕೇಂದ್ರದ ಅಲೆಯ ಮೇಲೇರಿ ದಿನಪತ್ರಿಕೆ ಹೊರಟಿತು!

ಇಂಥ ಸೇವೆಗಳಲ್ಲಿ ಓದುವುದೇನು ಎಂದು ಕೇಳಿದರೆ ಮನಸ್ಸು ತುಂಬಿ ಬರುತ್ತದೆ. ಮುಖಪುಟ ಮಾತ್ರವಲ್ಲ, ಮರಣವಾರ್ತೆ, ದಿನಸಿ ಅಂಗಡಿಯ ರಿಯಾಯಿತಿ ದರ, ವ್ಯಂಗ್ಯಚಿತ್ರದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬ ವಿವರಣೆ. ಪಕ್ಕದ ಬೀದಿಯವರು ತೀರಿಕೊಂಡದ್ದು, ಕೋಳಿಯ ಬೆಲೆ ಇಳಿದದ್ದು ಇನ್ನೊಬ್ಬರನ್ನು ಕೇಳದೆ ತಾನೇ ತಿಳಿಯುವುದಿದೆಯಲ್ಲ, ನನ್ನ ಪಾಲಿಗೆ ಅದು ಯಾವ ಮಹಾಕಾವ್ಯಕ್ಕೂ ಕಡಿಮೆಯಲ್ಲ. ಓದುವವರಲ್ಲಿ ಬಹುಪಾಲು ಸ್ವಯಂಸೇವಕರು. ತಮ್ಮ ಅಭಿಪ್ರಾಯ ಬೆರೆಸದೆ, ಇದ್ದದ್ದನ್ನು ಇದ್ದ ಹಾಗೆ ಓದುವುದೇ ಅವರ ನಿಯಮ. ಹಕ್ಕುಸ್ವಾಮ್ಯದ ತೊಡಕಿಗೂ ದಾರಿ ಸಿಕ್ಕಿತು: 1976ರ ಅಮೆರಿಕದ ಕಾನೂನು ಇಂಥ ಓದಿಗೆಂದೇ ವಿನಾಯಿತಿ ಬರೆದುಕೊಂಡಿತು.

ನಮ್ಮಲ್ಲಿ? 2012ರ ತಿದ್ದುಪಡಿಯಿಂದ ಭಾರತದ ಕಾನೂನೂ ಅಂಗವಿಕಲರಿಗಾಗಿ ಪುಸ್ತಕವನ್ನು ದನಿಗೆ ಇಳಿಸಲು ಅನುಮತಿ ಕೊಟ್ಟಿದೆ. ಅಂಥ ಪುಸ್ತಕಗಳು ಗಡಿ ದಾಟಲು ದಾರಿ ಮಾಡಿದ ಮರ್ರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತವೇ! ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಮಾತಾಡುವ ಪುಸ್ತಕಗಳ ಗ್ರಂಥಾಲಯವನ್ನೇ ಕಟ್ಟಿವೆ. ಕಾನೂನಿದೆ, ಯಂತ್ರವಿದೆ. ಬೇಕಿರುವುದು ಕನ್ನಡವನ್ನು ಸ್ಪಷ್ಟವಾಗಿ ಓದುವ ದನಿಗಳು. ಅಂಥ ದನಿ ನಿಮ್ಮದಾಗಿದ್ದರೆ ಹತ್ತಿರದ ಸಂಸ್ಥೆಯನ್ನು ವಿಚಾರಿಸಿ, ವಾರಕ್ಕೊಂದು ಗಂಟೆ ಓದಿ ಕೊಡಿ.