ಸಮುದಾಯ ಕಾಲೇಜಿನಿಂದ ವೈದ್ಯಕೀಯ ಶಿಕ್ಷಣ (ಅಮೆರಿಕ)

ಸಮುದಾಯ ಕಾಲೇಜಿನಲ್ಲಿ ವ್ಯಾಸಂಗ ಆರಂಭಿಸಿ ವೈದ್ಯಕೀಯ ಕಾಲೇಜನ್ನು ಸೇರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯರಾಗಲು ಇರುವ ಮಾರ್ಗಗಳಲ್ಲೊಂದು. ಅಲ್ಲಿ ವೈದ್ಯಕೀಯ ಶಿಕ್ಷಣವು ಸಾಮಾನ್ಯವಾಗಿ 4 ವರ್ಷಗಳ ಸ್ನಾತಕ ಪದವಿಯ ಅನಂತರ ಆರಂಭವಾಗುತ್ತದೆ. ಆ ಪದವಿಯ ಮೊದಲ 2 ವರ್ಷಗಳನ್ನು ಕಡಿಮೆ ಶುಲ್ಕದ ಸಮುದಾಯ ಕಾಲೇಜಿನಲ್ಲಿ ಪೂರೈಸಬಹುದು. ಇಂತಹ ಸಾರ್ವಜನಿಕ ಕಾಲೇಜುಗಳಲ್ಲಿ ಅತ್ಯಂತ ಹಳೆಯದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ನಗರದಲ್ಲಿ ಸ್ಥಾಪನೆಯಾಯಿತು.

ಹಂತಗಳು

ವಿದ್ಯಾರ್ಥಿಯು ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆದು ಪದವಿಯನ್ನು ಪೂರ್ಣಗೊಳಿಸಬೇಕು. ಜೀವಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಭೌತಶಾಸ್ತ್ರಗಳನ್ನು ಪ್ರಯೋಗಾಲಯ ಸಹಿತ ಅಭ್ಯಸಿಸಿರಬೇಕೆಂದು ಬಹುತೇಕ ವೈದ್ಯಕೀಯ ಕಾಲೇಜುಗಳು ಅಪೇಕ್ಷಿಸುತ್ತವೆ. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕಗಳು 472ರಿಂದ 528ರವರೆಗೆ ಇರುತ್ತವೆ. ಶಿಫಾರಸು ಪತ್ರಗಳು ಮತ್ತು ಸಂದರ್ಶನವೂ ಆಯ್ಕೆಯ ಭಾಗವಾಗಿವೆ.

ಗ್ರೇಡುಗಳ ಪರಿಗಣನೆ

ವರ್ಗಾವಣೆಯ ಸಂದರ್ಭದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಹಿಂದಿನ ಕಾಲೇಜಿನ ಕ್ರೆಡಿಟ್‌ಗಳನ್ನು ಮಾತ್ರ ಸ್ವೀಕರಿಸುತ್ತವೆ. ಅಲ್ಲಿನ ಗ್ರೇಡುಗಳನ್ನು ತಮ್ಮ ಸರಾಸರಿಗೆ ಸೇರಿಸುವುದಿಲ್ಲ. ಆದರೆ ಎಂ.ಡಿ. ಪ್ರವೇಶದ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯಾದ ಆಮ್‌ಕ್ಯಾಸ್, ಓದಿದ ಎಲ್ಲ ಕಾಲೇಜುಗಳ ಗ್ರೇಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ವಿಷಯವನ್ನು ಮತ್ತೊಮ್ಮೆ ಓದಿ ಉತ್ತಮ ಗ್ರೇಡು ಪಡೆದರೂ ಮೊದಲಿನದು ಅಳಿಸಿಹೋಗುವುದಿಲ್ಲ. ಆದುದರಿಂದ ಸಮುದಾಯ ಕಾಲೇಜಿನ ಮೊದಲ ವರ್ಷದ ಅಧ್ಯಯನವೂ ವೈದ್ಯಕೀಯ ಪ್ರವೇಶದ ಮೇಲೆ ನೇರ ಪರಿಣಾಮ ಬೀರುತ್ತದೆ. ಕೆಲವು ವೈದ್ಯಕೀಯ ಕಾಲೇಜುಗಳು ವಿಜ್ಞಾನ ವಿಷಯಗಳನ್ನು ವಿಶ್ವವಿದ್ಯಾಲಯದಲ್ಲಿಯೇ ಓದಿರುವುದಕ್ಕೆ ಆದ್ಯತೆ ನೀಡುತ್ತವೆ. ಹೀಗಾಗಿ ವರ್ಗಾವಣೆಯ ಬಳಿಕ ಉನ್ನತ ಹಂತದ ವಿಜ್ಞಾನ ವಿಷಯಗಳಲ್ಲಿ ಉತ್ತಮ ಸಾಧನೆ ತೋರುವುದು ಅಭ್ಯರ್ಥಿಗೆ ಅನುಕೂಲಕರ.