ಸರೋವರ ಸೀಮೆಗೆ ಕಾರಿನಲ್ಲಿ: ಫಿನ್ಲೆಂಡಿನ ದಾರಿಗಳ ಬಗ್ಗೆ ಕೆಲವು ತಪ್ಪೆಣಿಕೆಗಳು

ಫಿನ್ಲೆಂಡಿನ ದಕ್ಷಿಣಾರ್ಧದ ನಕ್ಷೆ ಬಿಡಿಸಿ ಕೂತರೆ ನೆಲ ಯಾವುದು, ನೀರು ಯಾವುದು ಎಂದು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಲಹ್ತಿಯಿಂದ ಉತ್ತರಕ್ಕೆ ಕುವೊಪಿಯೊ ದಾಟಿ, ತಾಂಪೆರೆಯಿಂದ ಪೂರ್ವಕ್ಕೆ ರಷ್ಯಾದ ಗಡಿಯವರೆಗೆ ಹರಡಿದ ಈ ಸೀಮೆಯನ್ನು ಕಾರಿನಲ್ಲಿ ಸುತ್ತುವ ಆಸೆ ಹೆಲ್ಸಿಂಕಿ, ಎಸ್ಪೂಗಳಲ್ಲಿ ಕೆಲಸಕ್ಕೆಂದು ನೆಲೆಸಿರುವ ನಮ್ಮವರಿಗೂ ಇದೆ, ಬೆಂಗಳೂರಿನಿಂದ ರಜೆಗೆ ಹೋಗುವವರಿಗೂ ಇದೆ. ಆದರೆ ಯೋಜನೆ ಹಾಕಲು ಕೂತಾಗ ಕೆಲವು ಎಣಿಕೆಗಳು ತಪ್ಪುತ್ತವೆ. ಸರೋವರ ಸೀಮೆಗೆ ಹೋಗಿಯೂ ಸರೋವರವನ್ನು ಸರಿಯಾಗಿ ನೋಡದೆ ವಾಪಸಾಗುವವರು ಹೆಚ್ಚಿರುವುದಕ್ಕೆ ಆ ಎಣಿಕೆಗಳೇ ಕಾರಣ ಎಂದು ನನಗನ್ನಿಸುತ್ತದೆ.

ತಪ್ಪು ಕಲ್ಪನೆ: ಸುಮಾರು 1,88,000 ಸರೋವರಗಳಿರುವ ದೇಶ. ಯಾವ ರಸ್ತೆ ಹಿಡಿದರೂ ಪಕ್ಕದಲ್ಲಿ ನೀರು ಕಾಣುತ್ತದೆ.

ವಾಸ್ತವ: ಆ ಲೆಕ್ಕದಲ್ಲಿ 500 ಚದರ ಮೀಟರಿನ ಸಣ್ಣ ಹೊಂಡಗಳೂ ಸೇರಿವೆ. ಒಂದು ಹೆಕ್ಟೇರಿಗಿಂತ ದೊಡ್ಡವನ್ನಷ್ಟೇ ಎಣಿಸಿದರೆ ಸಂಖ್ಯೆ ಸುಮಾರು 56,000ಕ್ಕೆ ಇಳಿಯುತ್ತದೆ. ಅದೂ ಕಡಿಮೆಯೇನಲ್ಲ. ತೊಂದರೆ ಇರುವುದು ಮರಗಳಲ್ಲಿ. ಈ ದೇಶದ ನೆಲದ ಮುಕ್ಕಾಲು ಪಾಲು ಕಾಡು. ಹೆಲ್ಸಿಂಕಿ ಕಡೆಯಿಂದ ಉತ್ತರಕ್ಕೂ ಪೂರ್ವಕ್ಕೂ ಹೋಗುವ 4, 5, 6ನೇ ಹೆದ್ದಾರಿಗಳು ಬೇಗ ಊರು ಸೇರಲೆಂದು ಹಾಕಿದವು. ಗಂಟೆಗಟ್ಟಲೆ ಎರಡೂ ಬದಿಗೆ ಪೈನ್ ಮತ್ತು ಬರ್ಚ್ ಮರಗಳ ಗೋಡೆ, ನಡುವೆ ಎಲ್ಲೋ ಒಂದು ಸೇತುವೆಯ ಮೇಲೆ ಕ್ಷಣಕಾಲ ನೀರಿನ ಹೊಳಪು, ಮತ್ತೆ ಮರಗಳು. ದಡದ ಬಹುಪಾಲು ಖಾಸಗಿ ಬೇಸಿಗೆ ಮನೆಗಳ ಹಿತ್ತಲಾಗಿರುತ್ತದೆ. ಅಲ್ಲಿಗೆ ಹೋಗುವ ಮಣ್ಣಿನ ದಾರಿ ಆ ಮನೆಯ ಅಂಗಳದಲ್ಲೇ ಮುಗಿಯುತ್ತದೆ.

ಆದ್ದರಿಂದ ಇಲ್ಲಿ ಊರಿಗಿಂತ ಮೊದಲು ರಸ್ತೆಯನ್ನು ಆರಿಸಿಕೊಳ್ಳಬೇಕು. ಯಾವ ರಸ್ತೆಯಲ್ಲಿ ನೀರು ಕಾಣುತ್ತದೆ ಎಂಬುದನ್ನು ಹಿಮಯುಗವೇ ತೀರ್ಮಾನಿಸಿಬಿಟ್ಟಿದೆ. ದೇಶವನ್ನು ಮುಚ್ಚಿದ್ದ ಹಿಮದ ಹಾಸು ಕರಗುತ್ತಿದ್ದಾಗ ಅದರ ಅಡಿಯಲ್ಲಿ ಹರಿಯುತ್ತಿದ್ದ ಹೊಳೆಗಳು ಮರಳನ್ನೂ ಜಲ್ಲಿಯನ್ನೂ ತಂದು ಉದ್ದನೆಯ ದಿಣ್ಣೆಗಳಾಗಿ ಸುರಿದವು. ಹಿಮ ಹೋದ ಮೇಲೆ ದಿಣ್ಣೆಯ ಎರಡೂ ಬದಿಯಲ್ಲಿ ನೀರು ನಿಂತಿತು. ಜನ ಆ ಒಣ ನೆತ್ತಿಯ ಮೇಲೆ ಓಡಾಡಿದರು, ಮುಂದೆ ಅದೇ ರಸ್ತೆಯಾಯಿತು. ಸವೊನ್‌ಲಿನ್ನಾದಿಂದ ಸುಮಾರು 30 ಕಿ.ಮೀ. ದೂರದ ಪುಂಕಹಾರ್ಯು ಇಂಥ ದಿಣ್ಣೆಗಳಲ್ಲೆಲ್ಲ ಹೆಸರಾದದ್ದು. ಏಳು ಕಿಲೋಮೀಟರ್ ಉದ್ದಕ್ಕೆ, ಕೆಂಪು ತೊಗಟೆಯ ಪೈನ್ ಕಾಂಡಗಳ ನಡುವೆ, ಎಡಕ್ಕೂ ನೀರು, ಬಲಕ್ಕೂ ನೀರು. 1803ರಲ್ಲಿ ರಷ್ಯಾದ ತ್ಸಾರ್ ಒಂದನೇ ಅಲೆಕ್ಸಾಂಡರ್ ಇಲ್ಲಿಗೆ ಬಂದಿದ್ದ. ಹೆದ್ದಾರಿ 14 ಪಕ್ಕದಲ್ಲೇ ಹೋಗುತ್ತದೆ, ನ್ಯಾವಿಗೇಷನ್ ಅದನ್ನೇ ತೋರಿಸುತ್ತದೆ. ನೀವು ಬೇಕೆಂದೇ ಹಳೆಯ ದಿಣ್ಣೆ ರಸ್ತೆಗೆ ತಿರುಗಬೇಕು.

ಪುಂಕಹಾರ್ಯುವಿನಷ್ಟು ಹೆಸರಿಲ್ಲದಿದ್ದರೂ ನನಗೆ ಅಷ್ಟೇ ಇಷ್ಟವಾದದ್ದು ಪೈಯಾನ್ನೆ ಸರೋವರದ ದಕ್ಷಿಣ ತುದಿಯ ಪುಲ್ಕಿಲನ್‌ಹಾರ್ಯು. ಲಹ್ತಿಯ ಉತ್ತರಕ್ಕಿರುವ ಅಸಿಕ್ಕಲಾದಿಂದ ಸುಸ್ಮಾ ಕಡೆಗೆ ಹೋಗುವ ರಸ್ತೆ ದಿಣ್ಣೆಯಿಂದ ದಿಣ್ಣೆಗೆ, ಸೇತುವೆಯಿಂದ ಸೇತುವೆಗೆ ಹಾರಿ ಸರೋವರದ ನಡುವೆಯೇ ಸಾಗುತ್ತದೆ. ಹೆಲ್ಸಿಂಕಿಯಲ್ಲಿ ನಲ್ಲಿ ತಿರುಗಿಸಿದರೆ ಬರುವ ನೀರು ಈ ಸರೋವರದ್ದೇ. ಬಂಡೆಯೊಳಗೆ ಕೊರೆದ 120 ಕಿ.ಮೀ. ಸುರಂಗದಲ್ಲಿ ಅದು 1982ರಿಂದ ರಾಜಧಾನಿಗೆ ಹರಿದುಬರುತ್ತಿದೆ. ವಾರಾಂತ್ಯ ಮಾತ್ರ ಬಿಡುವಿರುವ ಹೆಲ್ಸಿಂಕಿ ವಾಸಿಗಳು ಸೈಮಾ ಸರೋವರದವರೆಗೆ ಓಡುವ ಬದಲು ಇಲ್ಲಿಗೆ ಬರುವುದು ಲೇಸು.

ಇನ್ನು ಎತ್ತರದಿಂದ ನೋಡಬೇಕೆಂದರೆ ಕುವೊಪಿಯೊದ ಪುಯ್ಯೊ ಗುಡ್ಡದ ಗೋಪುರವಿದೆ, ಪೂಮಲಾದ ಸೇತುವೆಯಿದೆ, ಎಲ್ಲಕ್ಕೂ ಮಿಗಿಲಾಗಿ ಕೋಲಿ ಬೆಟ್ಟವಿದೆ. ಅದರ ನೆತ್ತಿಯಾದ ಉಕ್ಕೊ-ಕೋಲಿಯ ಎತ್ತರ ಸಮುದ್ರಮಟ್ಟದಿಂದ ಬರೇ 347 ಮೀಟರ್. ಪಶ್ಚಿಮಘಟ್ಟ ಕಂಡವರಿಗೆ ಅದು ಲೆಕ್ಕಕ್ಕೇ ಇಲ್ಲದ ಎತ್ತರ. ಆದರೆ ಕೆಳಗೆ ಪಿಯೆಲಿನೆನ್ ಸರೋವರ ಅಷ್ಟೂ ದ್ವೀಪಗಳೊಂದಿಗೆ ತೆರೆದುಕೊಂಡಾಗ ಬೆಟ್ಟದ ಎತ್ತರ ನೆನಪಿಗೇ ಬರುವುದಿಲ್ಲ. ಚಿತ್ರಕಾರ ಏರೊ ಯಾರ್ನೆಫೆಲ್ಟ್ ಮತ್ತೆ ಮತ್ತೆ ಇಲ್ಲಿಗೆ ಬಂದು ಇದನ್ನೇ ಬರೆದ.

ತಪ್ಪು ಕಲ್ಪನೆ: ಸೈಮಾ ಒಂದು ದೊಡ್ಡ ಸರೋವರ. ಒಂದು ದಿನದಲ್ಲಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಬಹುದು.

ವಾಸ್ತವ: ಸೈಮಾ ದುಂಡಗಿಲ್ಲ, ಉದ್ದಗಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಆಕಾರವೇ ಇಲ್ಲ. ವಿಸ್ತಾರ ಸುಮಾರು 4,400 ಚ.ಕಿ.ಮೀ., ದ್ವೀಪಗಳು 13,000ಕ್ಕೂ ಮೇಲೆ, ದಡದ ಉದ್ದ 14,000 ಕಿ.ಮೀ. ಸುಮಾರು. ದಕ್ಷಿಣದಲ್ಲಿ ಸಲ್ಪೌಸ್ಸೆಲ್ಕಾ ಎಂಬ ಹಿಮಯುಗದ ದಿಣ್ಣೆಸಾಲು ಕಟ್ಟೆಯ ಹಾಗೆ ಅಡ್ಡಗಟ್ಟಿದ್ದರಿಂದ ಇಷ್ಟು ನೀರು ಇಲ್ಲಿ ನಿಂತಿದೆ. ಸುಮಾರು ಆರು ಸಾವಿರ ವರ್ಷಗಳ ಹಿಂದೆ ಇಮಾತ್ರಾದ ಹತ್ತಿರ ಆ ಕಟ್ಟೆ ಒಡೆದು ವುವೊಕ್ಸಿ ನದಿ ಹುಟ್ಟಿತು. (ಇಮಾತ್ರಾದ ಹೆಸರಾಂತ ರಭಸಧಾರೆ ಈಗ ವಿದ್ಯುತ್ ಸ್ಥಾವರದ ಅಣೆಕಟ್ಟಿನ ಹಿಂದಿದೆ. ಬೇಸಿಗೆಯಲ್ಲಿ ಗೊತ್ತಾದ ಹೊತ್ತಿಗೆ ಮಾತ್ರ ನೀರು ಬಿಡುತ್ತಾರೆ. ಉಳಿದ ವೇಳೆ ಹೋದರೆ ಕಾಣುವುದು ಒಣ ಬಂಡೆಗಳ ಕಮರಿ. ಸಮಯ ನೋಡಿಕೊಂಡೇ ಹೋಗಿ.)

ಈ ಆಕಾರವಿಲ್ಲದ ನೀರಿನಿಂದಾಗಿ ದೂರದ ಲೆಕ್ಕ ತಪ್ಪುತ್ತದೆ. ಎದುರು ದಡದ ಊರು ಕಣ್ಣಿಗೆ ಕಾಣುತ್ತಿರುತ್ತದೆ, ರಸ್ತೆ ಮಾತ್ರ ಕೊಲ್ಲಿಯೊಂದನ್ನು ಪೂರ್ತಿ ಸುತ್ತಿ ಹೋಗುತ್ತದೆ. ಹೆಲ್ಸಿಂಕಿಯಿಂದ ಸವೊನ್‌ಲಿನ್ನಾಕ್ಕೆ ಸುಮಾರು 330 ಕಿ.ಮೀ., ನಾಲ್ಕು ಗಂಟೆಗೆ ಮೇಲೆ. ಹಳ್ಳಿ ರಸ್ತೆಗಳಲ್ಲಿ ಸಾಮಾನ್ಯ ವೇಗಮಿತಿ ಗಂಟೆಗೆ 80. ಪಕ್ಕದ ಸಣ್ಣ ರಸ್ತೆಗಳು ಎಷ್ಟೋ ಕಡೆ ಡಾಂಬರು ಕಾಣದ ಜಲ್ಲಿ ರಸ್ತೆಗಳು, ಅಲ್ಲಿ ಅದಕ್ಕೂ ನಿಧಾನ.

ತಪ್ಪು ಕಲ್ಪನೆ: ದಾರಿಯಲ್ಲಿ ಫೆರ್ರಿ ಬಂದರೆ ಖರ್ಚು, ಕಾಯುವಿಕೆ. ನ್ಯಾವಿಗೇಷನ್‌ನಲ್ಲಿ ಫೆರ್ರಿ ಬೇಡ ಎಂದು ಗುರುತು ಹಾಕುವುದೇ ಜಾಣತನ.

ವಾಸ್ತವ: ಈ ಒಂದು ಗುರುತು ಹಾಕಿ ಜನ ಪ್ರಯಾಣದ ಅತ್ಯಂತ ಒಳ್ಳೆಯ ಗಳಿಗೆಗಳನ್ನು ಕಳೆದುಕೊಳ್ಳುತ್ತಾರೆ. ಸರ್ಕಾರಿ ರಸ್ತೆಯ ಭಾಗವಾಗಿರುವ ಹಳದಿ ಬಣ್ಣದ ಫೆರ್ರಿಗಳಿಗೆ ಇಲ್ಲಿ ದುಡ್ಡಿಲ್ಲ. ಸೇತುವೆ ಇಲ್ಲದ ಕಡೆ ಅವೇ ರಸ್ತೆ. ಸಣ್ಣವನ್ನು ಸ್ಥಳೀಯರು ಲೊಸ್ಸಿ ಎನ್ನುತ್ತಾರೆ, ದಡದಿಂದ ದಡಕ್ಕೆ ಕಟ್ಟಿದ ಹಗ್ಗದ ಆಧಾರದಲ್ಲಿ ಅವು ಸಾಗುತ್ತವೆ. ಪೂಮಲಾದ ಹಾತಿನ್‌ವಿರ್ತಾ, ಲಿಪೆರಿ ಮತ್ತು ರಾಕ್ಕುಲಾ ನಡುವಿನ ಅರ್ವಿನ್‌ಸಲ್ಮಿಯಂಥ ಕಡೆ ನಿಮ್ಮ ಕಾರು ಹತ್ತುತ್ತದೆ, ಎಂಜಿನ್ ಆರಿಸುತ್ತೀರಿ, ಕೆಲವೇ ನಿಮಿಷದಲ್ಲಿ ಆಚೆ ದಡ. ಕಾರಿನಲ್ಲಿ ಕೂತೇ ನೀರಿನ ನಡುವೆ ಇರುವ ಅವಕಾಶ ಬೇರೆಲ್ಲಿ ಸಿಗುತ್ತದೆ? ಪೂಮಲಾ ಊರಿನಲ್ಲೇ 1995ರವರೆಗೆ ಫೆರ್ರಿ ದಾಟಿಸುತ್ತಿತ್ತು, ಈಗ 781 ಮೀಟರ್ ಉದ್ದದ ಸೇತುವೆ ಬಂದಿದೆ. ಫೆರ್ರಿಗಳ ಜಾಗದಲ್ಲಿ ಒಂದೊಂದಾಗಿ ಸೇತುವೆ ಬರುತ್ತಿದೆ, ಇರುವಾಗಲೇ ಹತ್ತಿ ಬನ್ನಿ. ಕೇವಲ ಬೇಸಿಗೆಯಲ್ಲಿ ಪ್ರವಾಸಿಗರಿಗಾಗಿ ಓಡುವ ಖಾಸಗಿ ದೋಣಿಗಳಿಗೆ ಮಾತ್ರ ಟಿಕೆಟ್ ಇರುತ್ತದೆ.

ತಪ್ಪು ಕಲ್ಪನೆ: ಜೂನ್‌ನಲ್ಲಿ ಹೋದರೆ ಮಧ್ಯರಾತ್ರಿಯ ಸೂರ್ಯ, ಅದೃಷ್ಟವಿದ್ದರೆ ಉತ್ತರದ ಬೆಳಕು, ಎರಡೂ ಸಿಗುತ್ತವೆ.

ವಾಸ್ತವ: ಎರಡೂ ಸಿಗುವುದಿಲ್ಲ. ಮುಳುಗದ ಸೂರ್ಯ ಇರುವುದು ಉತ್ತರದ ಲ್ಯಾಪ್ಲೆಂಡಿನಲ್ಲಿ, ಅಲ್ಲಿಗೆ ಇಲ್ಲಿಂದ ನೂರಾರು ಕಿಲೋಮೀಟರ್. ಸರೋವರ ಸೀಮೆಯಲ್ಲಿ ಜೂನ್ ಕೊನೆಯ ಸೂರ್ಯ ರಾತ್ರಿ 11ರ ಹೊತ್ತಿಗೆ ಮುಳುಗಿ ಬೆಳಗಿನ ಜಾವ ಮೂರೂವರೆಯೊಳಗೆ ಏಳುತ್ತಾನೆ. ನಡುವೆ ಕತ್ತಲೆಯೇ ಇಲ್ಲ, ಬೂದಿನೀಲಿಯ ಮಬ್ಬು ಬೆಳಕು. ಆ ಬೆಳಕಿನಲ್ಲಿ ಉತ್ತರದ ಬೆಳಕು ಕಾಣುವ ಮಾತೇ ಇಲ್ಲ. ಒಂದೇ ಪ್ರವಾಸದಲ್ಲಿ ಲ್ಯಾಪ್ಲೆಂಡನ್ನೂ ಸೇರಿಸುವವರು ಎರಡು ದಿನ ಹೆದ್ದಾರಿಗೇ ಕೊಡುತ್ತಾರೆ. ಬೇಡವೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ಮೇಯಿಂದ ಸೆಪ್ಟೆಂಬರ್‌ವರೆಗೆ ಯಾವಾಗ ಹೋದರೂ ಒಂದೇ.

ವಾಸ್ತವ: ಇಲ್ಲಿನ ಬೇಸಿಗೆ ಬಲು ಚಿಕ್ಕದು. ಮೇ ಮೊದಲ ವಾರಗಳಲ್ಲಿ ಸೈಮಾದ ಮೇಲೆ ಇನ್ನೂ ಮಂಜುಗಡ್ಡೆ ಉಳಿದಿರಬಹುದು. ಜೂನ್ 20ರಿಂದ 26ರ ನಡುವೆ ಬರುವ ಶನಿವಾರ ಯುಹಾನ್ನುಸ್, ಅಂದರೆ ನಡುಬೇಸಿಗೆಯ ಹಬ್ಬ. ಹಿಂದಿನ ದಿನವೇ ನಗರಗಳು ಖಾಲಿಯಾಗಿ ಇಡೀ ದೇಶ ಸರೋವರದ ದಡದ ಮನೆಗಳಿಗೆ ಹೊರಟಿರುತ್ತದೆ. ಫಿನ್ಲೆಂಡಿನಲ್ಲಿ ಬೇಸಿಗೆ ಮನೆಗಳೇ ಐದು ಲಕ್ಷದಷ್ಟಿವೆ. ಆ ಎರಡು ದಿನ ಅಂಗಡಿ, ಹೋಟೆಲುಗಳನ್ನು ನಂಬಿ ಹೊರಡಬೇಡಿ. ಜುಲೈ ತುಂಬು ಹಂಗಾಮು. ಸವೊನ್‌ಲಿನ್ನಾದಲ್ಲಿ 1475ರಲ್ಲಿ ಕಟ್ಟಲು ಶುರುವಾದ ಒಲಾವಿನ್‌ಲಿನ್ನಾ ಕೋಟೆಯ ಅಂಗಳದಲ್ಲಿ ಆಪೆರಾ ಉತ್ಸವ ನಡೆಯುವುದೂ ಆಗಲೇ, ಅಲ್ಲಿ ಕೋಣೆ ಸಿಗಬೇಕೆಂದರೆ ತಿಂಗಳುಗಳ ಮೊದಲೇ ಹಿಡಿಯಬೇಕು. ಆಗಸ್ಟ್ ಎರಡನೇ ವಾರಕ್ಕೆ ಶಾಲೆ ತೆರೆಯುತ್ತದೆ, ದೋಣಿವಿಹಾರ, ದಡದ ಕೆಫೆಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಜನಜಂಗುಳಿ ಬೇಡ, ಎಲ್ಲ ತೆರೆದಿರಬೇಕು ಎನ್ನುವವರಿಗೆ ಆಗಸ್ಟ್ ಮೊದಲ ವಾರ ಒಪ್ಪುತ್ತದೆ. ಸೊಳ್ಳೆಯ ಕಾಟವೂ ಆಗ ಕಡಿಮೆಯಾಗಿರುತ್ತದೆ, ಕಾಡಿನಲ್ಲಿ ಬ್ಲೂಬೆರ್ರಿ ಹಣ್ಣಾಗಿರುತ್ತದೆ.

ತಪ್ಪು ಕಲ್ಪನೆ: ಕಾಡು ಎಲ್ಲರದು ಎಂಬ ಕಾನೂನಿದೆ. ಎಲ್ಲಿ ಬೇಕಾದರೂ ಕಾರು ನಿಲ್ಲಿಸಿ ಟೆಂಟ್ ಹಾಕಿ ಒಲೆ ಹಚ್ಚಬಹುದು.

ವಾಸ್ತವ: ಅರ್ಧ ನಿಜ. ಬೇರೆಯವರ ಕಾಡಿನಲ್ಲೂ ನಡೆಯಬಹುದು, ಹಣ್ಣು, ಅಣಬೆ ಆರಿಸಬಹುದು, ಈಜಬಹುದು, ಒಂದೆರಡು ರಾತ್ರಿ ಟೆಂಟ್ ಹಾಕಬಹುದು, ಸಾದಾ ಗಾಳದಿಂದ ಮೀನು ಹಿಡಿಯಬಹುದು. ಮನೆಯ ಅಂಗಳ, ಬಿತ್ತಿದ ಹೊಲಗಳಿಗೆ ಮಾತ್ರ ಕಾಲಿಡುವಂತಿಲ್ಲ. ಈ ಹಕ್ಕು ನಡೆಯುವವರಿಗೆ ಸೇರಿದ್ದು, ಕಾರಿಗಲ್ಲ. ರಸ್ತೆ ಬಿಟ್ಟು ಗಾಡಿ ಇಳಿಸಬೇಕಾದರೂ ಬಯಲಲ್ಲಿ ಬೆಂಕಿ ಹಚ್ಚಬೇಕಾದರೂ ಜಮೀನಿನ ಒಡೆಯರ ಒಪ್ಪಿಗೆ ಬೇಕು. ಕಾಳ್ಗಿಚ್ಚಿನ ಎಚ್ಚರಿಕೆ ಇದ್ದಾಗ ಒಪ್ಪಿಗೆ ಇದ್ದರೂ ಬೆಂಕಿ ಇಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ಗೊತ್ತುಮಾಡಿದ ಜಾಗದಲ್ಲೇ ಬೀಡು ಬಿಡಬೇಕು. ಅಲ್ಲಿ ಒಲೆ ಕಟ್ಟಿರುತ್ತಾರೆ, ಸೌದೆಯನ್ನೂ ಇಟ್ಟಿರುತ್ತಾರೆ. ಉರಿಸಿದಷ್ಟು ಸೌದೆಯನ್ನು ಒಡೆದಿಟ್ಟು ಹೋಗುವುದು ಒಳ್ಳೆಯ ರೂಢಿ.

ತಪ್ಪು ಕಲ್ಪನೆ: ರಸ್ತೆ ಖಾಲಿ, ಆದ್ದರಿಂದ ಸುಲಭ.

ವಾಸ್ತವ: ಖಾಲಿ ರಸ್ತೆಯಲ್ಲಿ ಮೂಸ್ ಅಡ್ಡ ಬರುತ್ತದೆ. ಉದ್ದ ಕಾಲಿನ, ನೂರಾರು ಕಿಲೋ ತೂಕದ ಪ್ರಾಣಿ ಅದು. ಕಾರು ಕಾಲಿಗೆ ಬಡಿದರೆ ಅದರ ಮೈ ನೇರ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಮುಂಜಾವು, ಮುಸ್ಸಂಜೆ ಹೆಚ್ಚು ಅಪಾಯ, ಅದರಲ್ಲೂ ಶರತ್ಕಾಲದಲ್ಲಿ. ಮೂಸ್ ಚಿತ್ರದ ಫಲಕ ಕಂಡಲ್ಲಿ ನಿಧಾನಿಸಿ, ಒಂದು ದಾಟಿದರೆ ಹಿಂದೆ ಇನ್ನೊಂದಿರಬಹುದು ಎಂದುಕೊಳ್ಳಿ, ಡಿಕ್ಕಿಯಾದರೆ 112ಕ್ಕೆ ಕರೆ ಮಾಡಿ. ಹೆಡ್‌ಲೈಟ್ ಹಾಡಹಗಲಲ್ಲೂ ಉರಿಯುತ್ತಿರಬೇಕು. ಫಲಕವಿಲ್ಲದ ಕೂಡುರಸ್ತೆಗಳಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು, ನಮ್ಮಲ್ಲಿ ಎಡಬದಿಯಲ್ಲಿ ಓಡಿಸಿ ರೂಢಿಯಾದವರು ಇದನ್ನು ಮರೆಯುವುದು ಸಹಜ. ತೀರಾ ವೇಗ ಮೀರಿದರೆ ದಂಡವನ್ನು ನಿಮ್ಮ ಆದಾಯ ನೋಡಿ ನಿಗದಿ ಮಾಡುತ್ತಾರೆ. ಭಾರತದಿಂದ ಹೋಗುವವರು ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಬಾಡಿಗೆ ಕಾರಿನವರು ಸಾಮಾನ್ಯವಾಗಿ ಕೇಳುತ್ತಾರೆ. ಟೋಲ್ ಮಾತ್ರ ಎಲ್ಲೂ ಇಲ್ಲ.

ತಪ್ಪು ಕಲ್ಪನೆ: ಹತ್ತಿರದಲ್ಲೇ ಇದೆಯಲ್ಲ, ರಷ್ಯಾದ ಗಡಿಯನ್ನೂ ನೋಡಿ ಬರೋಣ.

ವಾಸ್ತವ: ಫಿನ್ಲೆಂಡಿನ ಪೂರ್ವದ ಗಡಿದ್ವಾರಗಳನ್ನು 2023ರ ಕೊನೆಯಲ್ಲಿ ಮುಚ್ಚಿದರು. ಗಡಿಯುದ್ದಕ್ಕೂ ಇರುವ ನಿರ್ಬಂಧಿತ ಪಟ್ಟಿಯೊಳಗೆ ಅನುಮತಿ ಇಲ್ಲದೆ ಹೋಗುವುದು ಅಪರಾಧ. ಇಮಾತ್ರಾ, ಪರಿಕ್ಕಲಾ ಕಡೆ ಕಾಡುದಾರಿಗಳಿಗೆ ತಿರುಗುವಾಗ ಹಳದಿ ಫಲಕಗಳನ್ನು ಗಮನಿಸಿ.

ತಪ್ಪು ಕಲ್ಪನೆ: ನೀರು ಕಂದು ಬಣ್ಣಕ್ಕಿದೆ, ಅಂದರೆ ಕೊಳಕು.

ವಾಸ್ತವ: ಜೌಗುನೆಲದಲ್ಲಿ ಕೊಳೆತ ಗಿಡದ ರಸ ಸೇರಿ ಎಷ್ಟೋ ಸರೋವರಗಳ ನೀರು ಹಾಲು ಹಾಕದ ಚಹಾದ ಬಣ್ಣಕ್ಕಿರುತ್ತದೆ. ಈಜಲು ಅಡ್ಡಿಯಿಲ್ಲ. ಹೆದರಬೇಕಾದದ್ದು ಬಿಸಿಲು ಹೆಚ್ಚಾದ ದಿನಗಳಲ್ಲಿ ದಡಕ್ಕೆ ಹಸಿರು ಬಣ್ಣ ಚೆಲ್ಲಿದಂತೆ ತೇಲಿಬರುವ ಪಾಚಿಗೆ. ಅದಿದ್ದ ಕಡೆ ಮಕ್ಕಳನ್ನು ನೀರಿಗಿಳಿಸಬೇಡಿ.

ತಪ್ಪು ಕಲ್ಪನೆ: ಸಸ್ಯಾಹಾರಿಗಳು ಉಪವಾಸ ಬೀಳಬೇಕು.

ವಾಸ್ತವ: ಊರ ಸಂತೆಚೌಕಗಳಲ್ಲಿ ರೈ ಹಿಟ್ಟಿನ ತೆಳು ಹಾಳೆಯೊಳಗೆ ಅನ್ನದ ಗಂಜಿ ತುಂಬಿ ಬೇಯಿಸಿದ ಕರೇಲಿಯಾದ ಕಡುಬು ಸಿಗುತ್ತದೆ. ಮೇಲೆ ಸವರುವ ಬೆಣ್ಣೆಯಲ್ಲಿ ಮೊಟ್ಟೆ ಇರುತ್ತದೆ, ಬೇಡವೆಂದರೆ ಹೇಳಿ. ಸವೊನ್‌ಲಿನ್ನಾದ ಲೊರ್ಟ್ಸಿ ಎಂಬ ಕಡುಬಿನಲ್ಲಿ ಸೇಬಿನದ್ದನ್ನು ಕೇಳಿ ತೆಗೆದುಕೊಳ್ಳಿ. ಜುಲೈನಲ್ಲಿ ಸಿಪ್ಪೆ ಸಹಿತ ಹಸಿ ಬಟಾಣಿಯನ್ನು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ, ಜನ ನಡೆಯುತ್ತಾ ಬಿಡಿಸಿ ತಿನ್ನುತ್ತಾರೆ. ಕುವೊಪಿಯೊದ ಕಲಕುಕ್ಕೊ ನೋಡಲು ಬರೇ ರೊಟ್ಟಿ, ಒಳಗೆ ಮೀನಿರುತ್ತದೆ.

ತಪ್ಪು ಕಲ್ಪನೆ: ಸೈಮಾಕ್ಕೆ ಹೋದರೆ ಸೀಲ್ ಕಾಣಲೇಬೇಕು.

ವಾಸ್ತವ: ಹಿಮಯುಗದ ಕೊನೆಯಲ್ಲಿ ಸಮುದ್ರದಿಂದ ಬೇರ್ಪಟ್ಟು ಈ ಸಿಹಿನೀರಿನಲ್ಲೇ ಉಳಿದ ಸೈಮಾ ಸೀಲ್‌ಗಳು ಇಷ್ಟು ದೊಡ್ಡ ನೀರಿನಲ್ಲಿ ಕೆಲವೇ ನೂರು. ಮೇ ತಿಂಗಳಲ್ಲಿ ಕೂದಲು ಉದುರಿಸಲು ಬಂಡೆಗಳ ಮೇಲೆ ಮಲಗುತ್ತವೆ, ಆಗ ಲಿನ್ನನ್‌ಸಾರಿ ಅಥವಾ ಕೊಲೊವೆಸಿ ಉದ್ಯಾನದ ಕಡೆ ದೋಣಿಯಲ್ಲಿ ಹೋದವರಿಗೆ ಕಾಣುವ ಸಾಧ್ಯತೆ ಹೆಚ್ಚು. ಜುಲೈನಲ್ಲಿ ಕಂಡರೆ ಪುಣ್ಯ. ಮರಿಗಳು ಬಲೆಗೆ ಸಿಕ್ಕಿ ಸಾಯದಿರಲೆಂದು ವಸಂತದಿಂದ ಜೂನ್ ಕೊನೆಯವರೆಗೆ ಅವುಗಳಿರುವ ನೀರಿನಲ್ಲಿ ಬಲೆ ಹಾಕುವುದನ್ನು ನಿಷೇಧಿಸಿದ್ದಾರೆ. ಆ ಸೀಲ್ ಇನ್ನೂ ಇದೆ ಎಂಬುದೇ ದೊಡ್ಡ ಸಂಗತಿ.

ತಪ್ಪು ಕಲ್ಪನೆ: ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಇಟ್ಟರೆ ಹೆಚ್ಚು ನೋಡಬಹುದು.

ವಾಸ್ತವ: ಹೆಚ್ಚು ಹೆದ್ದಾರಿ ನೋಡಬಹುದು. ವಾರವಿದ್ದರೆ ಒಂದು ಕಡೆ ದಡದ ಮನೆ ಹಿಡಿಯಿರಿ. ಸವೊನ್‌ಲಿನ್ನಾದ ಸುತ್ತ ಇದ್ದರೆ ಪುಂಕಹಾರ್ಯು ಒಂದು ದಿನ, ಕೆರಿಮಾಕಿಯಲ್ಲಿ 1847ರಲ್ಲಿ ಕಟ್ಟಿದ, ಮೂರು ಸಾವಿರ ಜನ ಕೂರುವ ಮರದ ಚರ್ಚು ಅರ್ಧ ದಿನ, ಪೂಮಲಾದ ಸೇತುವೆ ಮತ್ತು ಫೆರ್ರಿ ಒಂದು ದಿನ, ಹೆಯ್ನಾವೆಸಿಯ ವಲಾಮೊ ಮಠ ಇನ್ನೊಂದು ದಿನ. ಯುದ್ಧಕಾಲದಲ್ಲಿ ಲಾಡೊಗಾ ಸರೋವರದ ದ್ವೀಪ ಬಿಟ್ಟು ಬಂದ ಸನ್ಯಾಸಿಗಳು 1940ರಲ್ಲಿ ನೆಲೆನಿಂತ ಜಾಗ ಅದು. ಉಳಿದ ದಿನಗಳನ್ನು ಮನೆಯ ಮುಂದಿನ ನೀರಿಗೆ ಬಿಡಿ. ಬಾಡಿಗೆ ಮನೆಗಳಲ್ಲಿ ಸೌನಾ, ಹುಟ್ಟುದೋಣಿ ಹೆಚ್ಚಾಗಿ ಜೊತೆಗೇ ಬರುತ್ತವೆ. ಹಾಸಿಗೆಯ ಚಾದರ, ಟವೆಲ್ ಎಷ್ಟೋ ಕಡೆ ನೀವೇ ತರಬೇಕು ಅಥವಾ ಬೇರೆ ದುಡ್ಡು ಕೊಡಬೇಕು. ತುಂಬು ಹಂಗಾಮಿನಲ್ಲಿ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಹೊರಡುವ ಮುಂಚೆ ನೆಲ ಒರೆಸಿ, ಪಾತ್ರೆ ತೊಳೆದು, ಕಸ ತೆಗೆದು ಒಪ್ಪಿಸುವುದು ಬಾಡಿಗೆದಾರರ ಕೆಲಸ, ಹಾಗಾಗಿ ಆ ಶನಿವಾರ ಬೆಳಗ್ಗೆ ಹೆಲ್ಸಿಂಕಿಯ ವಿಮಾನ ಇಟ್ಟುಕೊಳ್ಳಬೇಡಿ.